ಜೊತೆಗೆ ಹೋದವರು, ಜೊತೆಗಿದ್ದವರು

1912ರ ಜನವರಿಯಲ್ಲಿ ಹಾಂಗ್‌ಕಾಂಗ್ ಕಡೆಯಿಂದ ವ್ಯಾಂಕೂವರ್ ಬಂದರಿಗೆ ಬಂದ ಹಡಗೊಂದರಲ್ಲಿ ಎರಡು ಪಂಜಾಬಿ ಕುಟುಂಬಗಳಿದ್ದವು. ಭಾಗ್ ಸಿಂಗ್ ಮತ್ತು ಬಲವಂತ್ ಸಿಂಗ್ ಇಬ್ಬರೂ ಆ ಊರಿಗೆ ಹೊಸಬರಲ್ಲ. ಒಬ್ಬರು ಅಲ್ಲಿನ ಗುರುದ್ವಾರವನ್ನು ನಡೆಸುತ್ತಿದ್ದ ಖಾಲ್ಸಾ ದಿವಾನ್ ಸೊಸೈಟಿಯ ಅಧ್ಯಕ್ಷ, ಇನ್ನೊಬ್ಬರು ಗ್ರಂಥಿ. ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮರಳಿದ್ದರು. ವಲಸೆ ಅಧಿಕಾರಿಗಳು ಗಂಡಸರಿಬ್ಬರನ್ನೂ ಒಳಗೆ ಬಿಟ್ಟರು. ಹರ್ನಾಮ್ ಕೌರ್ ಮತ್ತು ಕರ್ತಾರ್ ಕೌರ್ ಅವರನ್ನು ಮಕ್ಕಳ ಸಮೇತ ತಡೆದರು. ಅವರನ್ನು ವಾಪಸು ಕಳಿಸಬೇಕೆಂದು ಆದೇಶ ಹೊರಟಿತು.

ಗಂಡಸರ ಪಾಲಿಗೆ ಬಾಗಿಲು ತೆರೆದದ್ದು ಒಂದು ಪದ: ಡೊಮಿಸೈಲ್. ಮುಂಬೈ, ಪುಣೆಗಳಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 15 ವರ್ಷ ಮಹಾರಾಷ್ಟ್ರದಲ್ಲಿ ಇದ್ದೇವೆಂದು ಸಾಬೀತು ಮಾಡಿ ಡೊಮಿಸೈಲ್ ಸರ್ಟಿಫಿಕೇಟು ಪಡೆಯುವ ಓಡಾಟ ಅವರಿಗೆ ಗೊತ್ತು. ಕೆನಡಾದ 1910ರ ವಲಸೆ ಕಾಯ್ದೆ ಇದೇ ಪದವನ್ನು ಇನ್ನೂ ದೊಡ್ಡ ಕೆಲಸಕ್ಕೆ ಹಚ್ಚಿತು. ದೇಶದೊಳಗೆ ಕಾಲಿಟ್ಟು ಮೂರು ವರ್ಷ ನೆಲೆಸಿದವರಿಗೆ ಡೊಮಿಸೈಲ್ ಸಿಗುತ್ತಿತ್ತು. 1919ರಲ್ಲಿ ಮೂರನ್ನು ಐದು ಮಾಡಿದರು. ಡೊಮಿಸೈಲ್ ಇದ್ದ ಬ್ರಿಟಿಷ್ ಪ್ರಜೆಯನ್ನು ಆ ಕಾಯ್ದೆ, ತನ್ನ ಮಟ್ಟಿಗೆ, 'ಕೆನಡಾದ ಪೌರ' ಎಂದೇ ಕರೆಯಿತು. ಪಂಜಾಬಿನ ರೈತರ ಮಕ್ಕಳೂ ಆಗ ಬ್ರಿಟಿಷ್ ಪ್ರಜೆಗಳೇ. ಅಂದರೆ ಕಾಯ್ದೆಯ ಅಕ್ಷರದ ಪ್ರಕಾರ ಬಂದರಿನಲ್ಲಿ ನಿಂತಿದ್ದವರು ಇಬ್ಬರು ಪೌರರು ಮತ್ತು ಅವರ ಹೆಂಡತಿಯರು.

ಹೆಂಡತಿಯರಿಗೆ ಅಡ್ಡ ಬಂದದ್ದು ಬೇರೆ ಎರಡು ನಿಯಮ. 1908ರ ಆದೇಶದಂತೆ ವಲಸೆ ಬರುವವರು ತಮ್ಮ ಹುಟ್ಟೂರಿನ ದೇಶದಿಂದ ಒಂದೇ ಟಿಕೆಟಿನಲ್ಲಿ, ನಡುವೆ ಎಲ್ಲೂ ತಂಗದೆ ಬರಬೇಕಿತ್ತು. ಭಾರತದಿಂದ ಕೆನಡಾಕ್ಕೆ ಅಂಥ ಟಿಕೆಟನ್ನು ಮಾರುವವರೇ ಇರಲಿಲ್ಲ. ಏಷ್ಯಾದವರ ಬಳಿ 200 ಡಾಲರ್ ಇರಬೇಕೆಂಬುದು ಇನ್ನೊಂದು ನಿಯಮ. ಎರಡರಲ್ಲೂ ಭಾರತೀಯರ ಹೆಸರು ಎಲ್ಲಿಯೂ ಇರಲಿಲ್ಲ, ಗುರಿ ಮಾತ್ರ ಯಾರೆಂದು ಎಲ್ಲರಿಗೂ ತಿಳಿದಿತ್ತು.

ಇದರಲ್ಲೊಂದು ವಿಚಿತ್ರವಿದೆ. ಅದೇ ಕಾಲದ ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಡೊಮಿಸೈಲ್ ಎಂಬುದೇ ಇರಲಿಲ್ಲ. ಗಂಡನ ನೆಲೆ ಎಲ್ಲಿಯೋ ಅವಳದೂ ಅಲ್ಲಿಯೇ. ಅವಳು ಆ ದೇಶವನ್ನು ಕಣ್ಣಿನಿಂದ ಕಂಡಿರದಿದ್ದರೂ ಸರಿ, ಗಂಡನಿಂದ ದೂರವಾಗಿ ಹತ್ತು ವರ್ಷ ಬೇರೆ ದೇಶದಲ್ಲಿದ್ದರೂ ಸರಿ. ಆಸ್ತಿ, ಉಯಿಲು, ವಿಚ್ಛೇದನದ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಈ ತತ್ವವನ್ನು ಬಿಗಿಯಾಗಿ ಹಿಡಿದಿದ್ದವು. ಕೆನಡಾದ ಹೆಂಗಸರಿಗೆ ವಿಚ್ಛೇದನದ ಮಟ್ಟಿಗಾದರೂ ಸ್ವಂತ ಡೊಮಿಸೈಲ್ ಸಿಕ್ಕಿದ್ದು 1968ರಲ್ಲಿ. ಗಂಡನ ನೆಲೆಯೇ ಹೆಂಡತಿಯ ನೆಲೆ ಎಂಬುದು ಹೆಣ್ಣನ್ನು ಕಟ್ಟಿಹಾಕುವಾಗ ಸಾರ್ವತ್ರಿಕ ಸತ್ಯ. ಅದೇ ಸತ್ಯ ಅವಳಿಗೆ ಅನುಕೂಲವಾಗುವ ಒಂದೇ ಒಂದು ಕಡೆ, ವ್ಯಾಂಕೂವರಿನ ದಕ್ಕೆಯ ಮೇಲೆ, ಯಾರಿಗೂ ನೆನಪಾಗಲಿಲ್ಲ.

ಜಾಮೀನು, ಕೋರ್ಟು, ಆಟವಾಕ್ಕೆ ಅರ್ಜಿ ಎಂದು ತಿಂಗಳುಗಳು ಕಳೆದವು. ಕೊನೆಗೆ ಆ ಬೇಸಿಗೆಯ ಹೊತ್ತಿಗೆ ಸರ್ಕಾರ ಹೆಂಗಸರು ಮಕ್ಕಳನ್ನು ಇರಗೊಟ್ಟಿತು. ಹಕ್ಕೆಂದಲ್ಲ, ಕೃಪೆಯೆಂದು, ಮುಂದಿನವರು ಇದನ್ನು ಉದಾಹರಣೆಯಾಗಿ ತೋರಿಸಿ ಕೇಳುವಂತಿಲ್ಲವೆಂಬ ಷರತ್ತಿನೊಂದಿಗೆ. ಹರ್ನಾಮ್ ಕೌರ್ 1914ರಲ್ಲಿ ಬಾಣಂತಿಯಾಗಿದ್ದಾಗ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾಗ್ ಸಿಂಗ್ ಅವರನ್ನು ಗುರುದ್ವಾರದೊಳಗೇ ಗುಂಡಿಕ್ಕಿ ಕೊಂದರು. ಬಲವಂತ್ ಸಿಂಗ್ 1917ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದರು. ಗದರ್ ಚಳವಳಿಯ ಚರಿತ್ರೆಯಲ್ಲಿ ಗಂಡಸರ ಹೆಸರುಗಳು ಉಳಿದಿವೆ. ಹೆಂಡತಿಯರ ಹೆಸರು ಬರುವುದು ಈ ಪ್ರಕರಣದ ನೆಪದಲ್ಲಿ ಮಾತ್ರ.

ಎರಡು ವರ್ಷದ ಬಳಿಕ, 1914ರ ಮೇ 23ರಂದು, 376 ಪ್ರಯಾಣಿಕರಿದ್ದ ಕೊಮಗಾಟ ಮಾರು ಅದೇ ಬಂದರಿಗೆ ಬಂತು. ಆ ಕಥೆ ಎಲ್ಲರಿಗೂ ಗೊತ್ತು: ಎರಡು ತಿಂಗಳು ನೀರಿನ ಮೇಲೆ ನಿಲ್ಲಿಸಿ, ಜುಲೈ 23ರಂದು ಹಡಗನ್ನು ಹಿಂದಕ್ಕಟ್ಟಿದರು. ಅಷ್ಟಾಗಿ ಗಮನಕ್ಕೆ ಬಾರದ್ದು ಕೆಳಗಿಳಿಯಲು ಬಿಟ್ಟ 24 ಮಂದಿಯ ವಿಷಯ. ಅವರಲ್ಲಿ ಹೆಚ್ಚಿನವರು ಹಿಂದೆಯೇ ಕೆನಡಾದಲ್ಲಿ ನೆಲೆಸಿ, ಊರಿಗೆ ಹೋಗಿ ಮರಳುತ್ತಿದ್ದವರು. ಒಂದೇ ಹಡಗು, ಒಂದೇ ಭಾಷೆ. ಆದರೂ 'ಬರುವವರು' ಬೇರೆ, 'ಮರಳುವವರು' ಬೇರೆ ಎಂದು ಗೆರೆ ಎಳೆದದ್ದು ಹೀಗೆ. ಇಂದಿನ 'ಕಾಯಂ ನಿವಾಸಿ' ಎಂಬ ಸ್ಥಾನದ ತಿರುಳು ಇಷ್ಟೇ: ಹೊರಗೆ ಹೋಗಿದ್ದವರಿಗೆ ಮರಳುವ ಹಕ್ಕು. ಎಷ್ಟು ಕಾಲ ಹೊರಗಿದ್ದರೆ ಆ ಹಕ್ಕು ಅಳಿಯುತ್ತದೆ ಎಂಬುದು ಉಳಿದ ನೂರು ವರ್ಷದ ಜಗಳ.

1910ರ ಕಾಯ್ದೆಯ ಉತ್ತರ ಮನಸ್ಸಿಗೆ ಸಂಬಂಧಿಸಿದ್ದು. ಬೇರೆಡೆ ಕಾಯಂ ಮನೆ ಮಾಡಿಕೊಳ್ಳುವ ಉದ್ದೇಶದಿಂದ, ಸ್ವಇಚ್ಛೆಯಿಂದ ಹೊರಗೆ ವಾಸಿಸಿದರೆ ಡೊಮಿಸೈಲ್ ಹೋಗುತ್ತದೆ ಎಂದು ಅದು ಹೇಳಿತು. ಬಿಳಿಯರಿಗೆ ಈ ಉತ್ತರ ಸಾಕಿತ್ತು. ಚೀನೀಯರಿಗೆ ಮನಸ್ಸಿನ ಲೆಕ್ಕ ಇರಲಿಲ್ಲ, ತಿಂಗಳಿನ ಲೆಕ್ಕವಿತ್ತು. ತಲೆಗೆ 500 ಡಾಲರ್ ತೆರಿಗೆ ಕಟ್ಟಿ ಒಳಬಂದಿದ್ದವರು ಊರಿಗೆ ಹೋಗುವಾಗ ಫೋಟೋ ಅಂಟಿಸಿದ ಒಂದು ಪ್ರಮಾಣಪತ್ರ ಪಡೆದು, ಹೇಳಿದ ಅವಧಿಯೊಳಗೆ ಮರಳಬೇಕಿತ್ತು. ಚೀನೀಯರ ವಲಸೆಯನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟ 1923ರ ಕಾಯ್ದೆಯಲ್ಲಿ ಆ ಅವಧಿ ಎರಡು ವರ್ಷ. ಎರಡು ವರ್ಷದೊಳಗೆ ಹಡಗು ಹತ್ತಿದರೆ ನಿವಾಸಿ, ತಡವಾದರೆ ಯಾರೂ ಅಲ್ಲ. ಅವರ ಹೆಂಡತಿಯರು ಗ್ವಾಂಗ್‌ಡಾಂಗಿನ ಹಳ್ಳಿಗಳಲ್ಲೇ ಉಳಿದರು. ಉತ್ತರ ಅಮೆರಿಕವನ್ನು ಅಲ್ಲಿನವರು ಚಿನ್ನದ ಬೆಟ್ಟ ಎನ್ನುತ್ತಿದ್ದರು. ಈ ಹೆಂಗಸರು 'ಚಿನ್ನದ ಬೆಟ್ಟದ ಹೆಂಡತಿಯರು'. ಈಗ ಎಲ್ಲರಿಗೂ ಅನ್ವಯಿಸುವ ದಿನಗಳ ಲೆಕ್ಕ ಮೊದಲು ಪ್ರಯೋಗವಾದದ್ದು ಯಾರ ಮೇಲೆ ಎಂಬುದನ್ನು ವಲಸೆ ಕಾನೂನಿನ ಪರಿಚಯ ಪುಸ್ತಕಗಳು ಎದ್ದು ಕಾಣುವಂತೆ ಬರೆಯಬೇಕಿತ್ತು.

ಭಾರತೀಯರ ಹೆಂಡತಿಯರ ವಿಷಯ 1918ರಲ್ಲಿ ಲಂಡನ್ನಿನ ಸಾಮ್ರಾಜ್ಯ ಯುದ್ಧ ಸಮ್ಮೇಳನದಲ್ಲಿ ಇತ್ಯರ್ಥವಾಯಿತು. ಯುದ್ಧದಲ್ಲಿ ಭಾರತದ ಸಿಪಾಯಿಗಳು ಸತ್ತದ್ದು ಸಣ್ಣ ಸಂಖ್ಯೆಯಲ್ಲಲ್ಲ, ಬೇಡಿಕೆಯನ್ನು ತಳ್ಳಿಹಾಕುವುದು ಕಷ್ಟವಾಗಿತ್ತು. ಮರುವರ್ಷ ಕೆನಡಾ ಆದೇಶ ಹೊರಡಿಸಿ, ಅಲ್ಲಿ ನೆಲೆಸಿದ ಭಾರತೀಯರ ಹೆಂಡತಿ ಮಕ್ಕಳಿಗೆ ಬಾಗಿಲು ತೆರೆಯಿತು. ಕಾಗದದ ಮೇಲೆ ತೆರೆದ ಬಾಗಿಲು ಅದು. ಇವಳು ಇವನ ಹೆಂಡತಿ ಹೌದೆಂದು ಪ್ರಮಾಣೀಕರಿಸುವ ವ್ಯವಸ್ಥೆಯೇ ಸರಿಯಾಗಿರಲಿಲ್ಲವಾದ್ದರಿಂದ ಮುಂದಿನ ಹತ್ತು ವರ್ಷಗಳಲ್ಲಿ ಬಂದವರು ಕೆಲವೇ ಮಂದಿ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಎರಡನೇ ಮಹಾಯುದ್ಧದ ಮದುಮಕ್ಕಳ ಕಥೆ. ಬ್ರಿಟನ್ ಮತ್ತು ಯೂರೋಪಿನಲ್ಲಿ ಕಾದಾಡಿದ ಕೆನಡಾದ ಸೈನಿಕರು ಅಲ್ಲಿನ ಹುಡುಗಿಯರನ್ನು ಮದುವೆಯಾದರು. ಹಾಗೆ ಬಂದ ಹೆಂಡತಿಯರ ಸಂಖ್ಯೆ ನಲವತ್ತು ಸಾವಿರ ಮೀರುತ್ತದೆ. 1944ರ ಒಂದು ಆದೇಶ ಅವರ ಪಾಲಿಗೆ ಎಲ್ಲ ಗಂಟನ್ನೂ ಒಂದೇ ಏಟಿಗೆ ಬಿಡಿಸಿತು: ಗಂಡ ಪೌರನಾಗಿದ್ದರೆ ಅವಳು ನೆಲಕ್ಕೆ ಕಾಲಿಟ್ಟ ಕ್ಷಣ ಅವಳೂ ಪೌರಳೆಂದು ಭಾವಿಸಬೇಕು, ಗಂಡನಿಗೆ ಡೊಮಿಸೈಲ್ ಇದ್ದರೆ ಅವಳಿಗೂ ಡೊಮಿಸೈಲ್. 1912ರಲ್ಲಿ ಹರ್ನಾಮ್ ಕೌರ್‌ಗೆ ಸಿಗದ ವಾಕ್ಯ ಇದೇ. ಕಾನೂನಿಗೆ ಅದನ್ನು ಬರೆಯಲು ಬರುತ್ತಿರಲಿಲ್ಲ ಎಂದೇನಲ್ಲ.

ಹೆಂಡತಿಗೆ ಗಂಡನ ಸ್ಥಾನ ತಾನಾಗಿ ಬರುವ ಪದ್ಧತಿಗೆ ಇನ್ನೊಂದು ಮುಖವಿತ್ತು. ಕೆನಡಾದಲ್ಲೇ ಹುಟ್ಟಿದ ಹೆಣ್ಣು ಪರದೇಶದವನನ್ನು ಮದುವೆಯಾದರೆ ಅವಳೂ ಪರದೇಶದವಳಾಗುತ್ತಿದ್ದಳು. 1932ರಲ್ಲಿ ಇದು ಅರ್ಧ ಸಡಿಲವಾಯಿತು. 1947ರ ಜನವರಿ 1ರಂದು ಕೆನಡಾಕ್ಕೆ ತನ್ನದೇ ಪೌರತ್ವ ಕಾಯ್ದೆ ಬಂದಾಗ ಮದುವೆಗೂ ಪೌರತ್ವಕ್ಕೂ ಇದ್ದ ಕೊಂಡಿ ಕಳಚಿತು. ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರು ಎರಡು ಬೇರೆ ಸ್ಥಾನಗಳಲ್ಲಿ ಬಾಳಬಹುದಾಯಿತು, ಒಬ್ಬರು ಪೌರರು, ಒಬ್ಬರು ಬರಿ ನಿವಾಸಿ. ಇದು ಹೆಣ್ಣಿಗೆ ದೊಡ್ಡ ಬಿಡುಗಡೆ. ಜೊತೆಯಲ್ಲೇ ಒಂದು ಹೊಸ ಪ್ರಶ್ನೆಯೂ ಹುಟ್ಟಿತು: ಇಬ್ಬರೂ ಕೂಡಿ ದೇಶದ ಹೊರಗೆ ಹೋಗಿ ಬಾಳಿದರೆ ನಿವಾಸಿಯ ಗತಿ ಏನು?

ಬಹುಕಾಲ ಆ ಪ್ರಶ್ನೆಗೆ ನೇರ ಉತ್ತರ ಇರಲಿಲ್ಲ. ಭಾರತದಿಂದ ಹೋಗುತ್ತಿದ್ದವರ ಸಂಖ್ಯೆಯೇ ಕಡಿಮೆ. 1951ರ ಒಪ್ಪಂದದಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ 150 ಮಂದಿ, ಪಾಕಿಸ್ತಾನಕ್ಕೆ 100, ಸಿಲೋನಿಗೆ 50. ಬಣ್ಣ ನೋಡದೆ ಅಂಕ ಹಾಕಿ ಆರಿಸುವ ಪದ್ಧತಿ 1967ರಲ್ಲಿ ಬಂದ ಮೇಲೆಯೇ ಎಂಜಿನಿಯರು, ಡಾಕ್ಟರು, ಮೇಷ್ಟರುಗಳ ಗುಂಪು ಭಾರತದಿಂದ ಹೊರಟದ್ದು. ಅವರಲ್ಲಿ ಕನ್ನಡಿಗರೂ ಇದ್ದರು.

1976ರಲ್ಲಿ ಅಂಗೀಕಾರವಾಗಿ 1978ರ ಏಪ್ರಿಲಿನಲ್ಲಿ ಜಾರಿಗೆ ಬಂದ ಕಾಯ್ದೆ ಡೊಮಿಸೈಲ್ ಪದವನ್ನು ಕೈಬಿಟ್ಟು 'ಕಾಯಂ ನಿವಾಸಿ' ಎಂದಿತು. ಕೆನಡಾವನ್ನು ತನ್ನ ಕಾಯಂ ನೆಲೆಯಾಗಿ ತೊರೆಯುವ ಉದ್ದೇಶದಿಂದ ಹೊರಗುಳಿದರೆ ಸ್ಥಾನ ಹೋಗುತ್ತದೆ ಎಂಬ ಹಳೆಯ ಮನಸ್ಸಿನ ಲೆಕ್ಕವನ್ನು ಇಟ್ಟುಕೊಂಡಿತು. ಅದರ ಪಕ್ಕದಲ್ಲಿ ಒಂದು ಸಂಖ್ಯೆಯನ್ನೂ ಇಟ್ಟಿತು: ಯಾವುದೇ ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ತೊರೆದಿದ್ದಾರೆಂದೇ ಭಾವಿಸಲಾಗುತ್ತದೆ, ಅಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಹೋದವರದು. ಮುಂಚೆಯೇ ಮರಳುವ ಪರವಾನಗಿ ಪಡೆದು ಹೋಗುವ ದಾರಿಯೂ ಇತ್ತು.

ಮನಸ್ಸನ್ನು ಕಾಗದದಲ್ಲಿ ತೋರಿಸುವುದು ಹೇಗೆ? ಜನ ಬ್ಯಾಂಕ್ ಖಾತೆ ಮುಚ್ಚದೆ ಇಟ್ಟರು, ಡ್ರೈವಿಂಗ್ ಲೈಸೆನ್ಸ್ ನವೀಕರಿಸಿದರು, ಸಾಮಾನನ್ನು ಯಾರದೋ ನೆಲಮಾಳಿಗೆಯಲ್ಲಿಟ್ಟು ರಸೀತಿ ಜೋಪಾನ ಮಾಡಿದರು, ಆದಾಯ ತೆರಿಗೆ ಕಟ್ಟಿದರು. ಗಂಡನಿಗೆ ಹೊರದೇಶದಲ್ಲಿ ಕೆಲಸ, ಅವನೊಡನೆ ಹೋಗಿದ್ದೇನೆ ಎನ್ನುವುದೂ ಒಂದು ಸಬೂಬಾಗಿ ನಡೆಯುತ್ತಿತ್ತು, ಅಧಿಕಾರಿ ಒಪ್ಪಿದರೆ. ವಾಪಸಾಗುವ ಆಸೆ ನಿಜವಾಗಿ ಇದ್ದವರು ಕಾಗದ ಸಾಲದೆ ಸೋಲುವುದಕ್ಕೂ, ಆಸೆ ಇಲ್ಲದವರು ಒಂದು ಖಾತೆಯ ಪುಸ್ತಕ ತೋರಿಸಿ ಗೆಲ್ಲುವುದಕ್ಕೂ ಈ ಪದ್ಧತಿಯಲ್ಲಿ ಜಾಗವಿತ್ತು. ಅಮೆರಿಕ ಇಂದಿಗೂ ಇದೇ ದಾರಿಯಲ್ಲಿದೆ. ಗ್ರೀನ್ ಕಾರ್ಡಿನವರು ಹೊರಗೆ ಹೋದದ್ದು 'ತಾತ್ಕಾಲಿಕ ಭೇಟಿ'ಯೋ ಅಲ್ಲವೋ ಎಂದು ಅಲ್ಲಿ ಉದ್ದೇಶವನ್ನೇ ಅಳೆಯುತ್ತಾರೆ. ಸೈನ್ಯದಲ್ಲೋ ಸರ್ಕಾರಿ ಕೆಲಸದಲ್ಲೋ ಹೊರದೇಶಕ್ಕೆ ನೇಮಕವಾದವರ ಸಂಗಾತಿಗೆ ಕೆಲವು ರಿಯಾಯಿತಿಗಳಿವೆ. ಉಳಿದಂತೆ ಅಮೆರಿಕದ ಪೌರರನ್ನು ಮದುವೆಯಾಗಿ ಹೊರದೇಶದಲ್ಲಿ ಅವರ ಜೊತೆ ಇದ್ದೇನೆ ಎಂಬ ಒಂದೇ ಕಾರಣಕ್ಕೆ ಕಾರ್ಡು ಉಳಿಯುವುದಿಲ್ಲ. ಬ್ರಿಟನ್ನಿನ ಸಾಮಾನ್ಯ ನಿಯಮ ಇನ್ನೂ ಚುಟುಕು: ಸತತ ಎರಡು ವರ್ಷ ಹೊರಗಿದ್ದರೆ ಮುಗಿಯಿತು.

ಕೆನಡಾ ಮಾತ್ರ ಪಕ್ಕದ ದಾರಿಗೆ ತಿರುಗಿತು. 2001ರ ನವೆಂಬರಿನಲ್ಲಿ ಅಂಗೀಕಾರವಾಗಿ 2002ರ ಜೂನ್ 28ರಂದು ಜಾರಿಗೆ ಬಂದ ಹೊಸ ಕಾಯ್ದೆ ಉದ್ದೇಶದ ಮಾತನ್ನೇ ತೆಗೆದುಹಾಕಿತು. ಉಳಿದದ್ದು ಅಂಕಗಣಿತ: ಯಾವುದೇ ಐದು ವರ್ಷದ ಅವಧಿಯಲ್ಲಿ 730 ದಿನ. ಆ 730 ದಿನ ಕೆನಡಾದ ನೆಲದ ಮೇಲೆಯೇ ಇರಬೇಕೆಂದಿಲ್ಲ. ಕೆನಡಾದ ಕಂಪನಿಯೋ ಸರ್ಕಾರವೋ ಹೊರಗೆ ಕಳಿಸಿದ ಪೂರ್ಣಾವಧಿ ಕೆಲಸದ ದಿನಗಳು ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ಉಪವಿಧಿಯಂತೆ, ತನ್ನ ಬಾಳಸಂಗಾತಿಯಾಗಿರುವ ಕೆನಡಾದ ಪೌರರನ್ನು ಹೊರದೇಶದಲ್ಲಿ 'ಜೊತೆಗೂಡಿ' ಇದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಮದುವೆಯಾಗದೆ ಕೂಡಿ ಬಾಳುವವರಿಗೂ ಇದು ಅನ್ವಯ. ಗಂಡ, ಹೆಂಡತಿ ಎಂಬ ಭೇದ ಪಠ್ಯದಲ್ಲಿಲ್ಲ. ಮೇಲ್ಮಿತಿಯೂ ಇಲ್ಲ. ಪೌರ ಸಂಗಾತಿಯ ಜೊತೆ ಮೂವತ್ತು ವರ್ಷ ಮೈಸೂರಿನಲ್ಲಿದ್ದವರೂ ಲೆಕ್ಕದಲ್ಲಿ ಕೆನಡಾದ ಕಾಯಂ ನಿವಾಸಿಯೇ. ಆದರೆ ಇದೇ ದಿನಗಳನ್ನು ಪೌರತ್ವದ ಅರ್ಜಿಗೆ ಹಚ್ಚಲು ಬರುವುದಿಲ್ಲ. ಅಲ್ಲಿ ನೆಲದ ಮೇಲೆ ಇದ್ದ ದಿನವೇ ಬೇಕು. ಸರ್ಕಾರಿ ಸೇವೆಯಲ್ಲೋ ಸೈನ್ಯದಲ್ಲೋ ಹೊರಗಿರುವ ಪೌರರ ಸಂಗಾತಿಗೆ ಮಾತ್ರ ವಿನಾಯಿತಿ.

ಅದುವರೆಗೆ ಸ್ಥಾನಕ್ಕೆ ಪುರಾವೆಯಾಗಿದ್ದದ್ದು ಬಂದಿಳಿದ ದಿನ ಕೊಟ್ಟ ಒಂದು ಹಾಳೆ. 2002ರಲ್ಲಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಕಾರ್ಡು ಬಂತು. ಕಾರ್ಡಿನ ಅವಧಿ ಸಾಮಾನ್ಯವಾಗಿ ಐದು ವರ್ಷ. ಕಾರ್ಡು ಮುಗಿದರೆ ಸ್ಥಾನವೂ ಮುಗಿಯಿತೆಂದು ಭಾವಿಸಿ ಕೈಬಿಟ್ಟವರಿದ್ದಾರೆ, ಹಾಗೇನೂ ಇಲ್ಲ. ಅಧಿಕಾರಿ ತೀರ್ಮಾನ ಕೊಟ್ಟು, ಮೇಲ್ಮನವಿಯ ಹಾದಿ ಮುಗಿಯುವವರೆಗೆ ದಿನ ಕಡಿಮೆ ಬಿದ್ದವರೂ ನಿವಾಸಿಗಳೇ. ಹೊರದೇಶದಲ್ಲಿ ಕಾರ್ಡಿಲ್ಲದೆ ಸಿಕ್ಕಿಕೊಂಡವರು ಪ್ರಯಾಣದ ದಾಖಲೆಗೆ ಅರ್ಜಿ ಹಾಕುತ್ತಾರೆ. ದಿನಗಳ ಲೆಕ್ಕ ತೆಗೆಯುವುದು ಸಾಮಾನ್ಯವಾಗಿ ಆಗಲೇ.

* * *

ಜಗಳವೆಲ್ಲ ಆ ಒಂದು ಕ್ರಿಯಾಪದದ್ದು. ಇಂಗ್ಲಿಷಿನ 'ಅಕಂಪನಿ', ಫ್ರೆಂಚಿನ 'ಅಕೊಂಪಾನ್ಯೆ'. ಕೆನಡಾದಲ್ಲಿ ಎರಡೂ ಪಠ್ಯಗಳಿಗೆ ಸಮಾನ ಅಧಿಕಾರವಿದೆ. ಇಲ್ಲಿ ಎರಡೂ ಒಂದೇ ಮೂಲದ ಪದಗಳಾದ್ದರಿಂದ ಒಂದು ಇನ್ನೊಂದಕ್ಕೆ ಬೆಳಕು ಕೊಡುವುದಿಲ್ಲ.

ಕನ್ನಡದಲ್ಲಿಟ್ಟು ನೋಡಿದರೆ ತೊಡಕು ಬೇಗ ಕಾಣುತ್ತದೆ. 'ಅವನ ಜೊತೆ ಅವಳು ಹೋದಳು' ಎಂದರೆ ಹೊರಟವನು ಅವನು, ಹಿಂದೆ ಸೇರಿಕೊಂಡವಳು ಅವಳು. 'ಅವಳ ಜೊತೆ ಅವನು ಹೋದ' ಎಂದರೆ ಪೂರ್ತಿ ತಿರುಗುಮುರುಗು. ಸಂಗಡ, ಒಡನೆ, ಧಾರವಾಡದ ಕಡೆಯ 'ಕೂಡ', ಯಾವುದನ್ನು ಹಾಕಿದರೂ ಅಷ್ಟೇ: ಹೋಗುವ ಕ್ರಿಯೆಯಲ್ಲಿ ಒಬ್ಬರು ಮುಖ್ಯ, ಒಬ್ಬರು ಜೊತೆ. 'ಇಬ್ಬರೂ ಜೊತೆಗಿದ್ದರು' ಎಂದೊಡನೆ ಆ ಮೇಲುಕೀಳು ಅಳಿದುಹೋಗುತ್ತದೆ. ಹೋಗುವುದರಲ್ಲಿ ಮುಂದೆ ಹಿಂದೆ ಉಂಟು, ಇರುವುದರಲ್ಲಿ ಇಲ್ಲ. ಮದುವೆಯ ಕರೆಯೋಲೆಗಳ 'ಸಹಧರ್ಮಿಣಿ'ಗೆ ಬಳಕೆಯಲ್ಲಿ ಪುಲ್ಲಿಂಗವೇ ಇಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಯಾರು ಯಾರಿಗೆ ಜೊತೆ ಎಂಬುದನ್ನು ನಮ್ಮ ಪದಕೋಶ ಎಂದೋ ತೀರ್ಮಾನಿಸಿಬಿಟ್ಟಿದೆ.

ಕಾಯ್ದೆಯ ಕೆಳಗೆ ಬರೆದ ನಿಯಮಾವಳಿ ಇರುವ ಅರ್ಥವನ್ನು ಹಿಡಿಯಿತು: ಪೌರರೊಂದಿಗೆ ಸಾಮಾನ್ಯವಾಗಿ ವಾಸವಾಗಿರುವ ಪ್ರತಿ ದಿನವೂ 'ಜೊತೆಗೂಡಿದ' ದಿನ. ಇಲಾಖೆ ತನ್ನ ಅಧಿಕಾರಿಗಳಿಗಾಗಿ ಬರೆದ ಕೈಪಿಡಿ ಇನ್ನೂ ಬಿಡಿಸಿ ಹೇಳಿತು. ಸಂಗಾತಿ ಪೌರರಾಗಿದ್ದರೆ ಯಾರು ಯಾರ ಜೊತೆ ಹೋದರು ಎಂದು ಕೆದಕಬೇಕಿಲ್ಲ, ಏಕೆ ಹೋದರು ಎಂದೂ ಕೇಳಬೇಕಿಲ್ಲ. ಇಷ್ಟಕ್ಕೇ ಮುಗಿಯಬೇಕಿತ್ತು. ಮೇಲ್ಮನವಿ ಮಂಡಳಿಯ ಎಲ್ಲ ಸದಸ್ಯರೂ ಹಾಗೆ ಓದಲಿಲ್ಲ. ಕೆಲವರು ಕಾಯ್ದೆಯ ಮೂಲ ಪದಕ್ಕೆ ಮರಳಿದರು: ಜೊತೆಗೂಡುವುದೆಂದರೆ ಹಿಂಬಾಲಿಸಿ ಹೋಗುವುದು, ಪೌರರೇ ನಿವಾಸಿಯ ಬೆನ್ನು ಹಿಡಿದು ಬಂದಿದ್ದರೆ ಜೊತೆಗಾರರು ಅವರು, ನಿವಾಸಿಯಲ್ಲ. ವ್ಯಾಜ್ಯಗಳು ಫೆಡರಲ್ ಕೋರ್ಟಿನವರೆಗೂ ಹೋದವು. ಅಷ್ಟಕ್ಕೂ ಕೈಪಿಡಿ ಅಧಿಕಾರಿಗೆ ಮಾರ್ಗದರ್ಶಿಯೇ ಹೊರತು ಕಾನೂನಲ್ಲ.

ವ್ಯತ್ಯಾಸ ಎಲ್ಲಿ ಚುಚ್ಚುತ್ತದೆ ಎಂಬುದಕ್ಕೆ ಎರಡು ಮನೆಗಳನ್ನು ಊಹಿಸಿಕೊಳ್ಳಬಹುದು. ಮೊದಲ ಮನೆಯಲ್ಲಿ ಪೌರನಾದ ಗಂಡನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಪಿಆರ್ ಇರುವ ಹೆಂಡತಿ ಅವನೊಡನೆ ಬಂದಳು. ಯಾರೂ ಏನೂ ಕೇಳುವುದಿಲ್ಲ. ಎರಡನೇ ಮನೆಯಲ್ಲಿ ಪಿಆರ್ ಇರುವ ಹೆಂಡತಿಗೇ ಬೆಂಗಳೂರಿನಲ್ಲಿ ಪ್ರಾಧ್ಯಾಪಕಿಯ ಹುದ್ದೆ ಸಿಕ್ಕಿತು, ಪೌರನಾದ ಗಂಡ ಟೊರೊಂಟೊದ ಕೆಲಸ ಬಿಟ್ಟು ಅವಳ ಜೊತೆ ಬಂದ. ಎರಡೂ ಮನೆಗಳಲ್ಲಿ ಇಬ್ಬರು ಒಂದೇ ಸೂರಿನಡಿ ಅಷ್ಟೇ ದಿನ ಇದ್ದರು. ಹೋಗುವ ಅರ್ಥ ಹಿಡಿದವರಿಗೆ ಎರಡನೆಯವಳ ದಿನಗಳು ಸೊನ್ನೆ. ಲಿಂಗಭೇದವಿಲ್ಲದ ಪಠ್ಯವೊಂದು ಹೀಗೆ 1910ರ ಮನೆಯೊಳಕ್ಕೆ ಹಿತ್ತಿಲ ಬಾಗಿಲಿನಿಂದ ಮರಳಿ ಕಾಲಿಡುತ್ತದೆ. ಹಿಂಬಾಲಿಸುವವಳಿಗೆ ರಕ್ಷಣೆ ಉಂಟು, ಮುಂದೆ ನಡೆದವಳಿಗೆ ಇಲ್ಲ. ಕೈಪಿಡಿಯ ಓದೇ ಸರಿ ಎನ್ನಲು ಬೇರೆ ಕಾರಣ ಹುಡುಕಬೇಕಿಲ್ಲ.

ಭಾರತೀಯರಲ್ಲಿ ಇಂಥ ಎರಡು ಸ್ಥಾನದ ಮನೆಗಳು ಹೆಚ್ಚು ಕಾಣುವುದಕ್ಕೆ ನಮ್ಮದೇ 1955ರ ಪೌರತ್ವ ಕಾಯ್ದೆ ಒಂದು ಕಾರಣ. ಬೇರೆ ದೇಶದ ಪೌರತ್ವ ಪಡೆದೊಡನೆ ಭಾರತದ್ದು ಹೋಗುತ್ತದೆ. ಕೆನಡಾ ಎರಡನ್ನೂ ಇಟ್ಟುಕೊಳ್ಳಿ ಎನ್ನುತ್ತದೆ, ಭಾರತ ಒಂದನ್ನು ಆರಿಸಿ ಎನ್ನುತ್ತದೆ. ಹಾಗಾಗಿ ಮನೆಯೊಳಗೇ ಪಾಲು. ಒಬ್ಬರು ಪೌರತ್ವ ಪಡೆದು 2005ರಿಂದ ಸಿಗುತ್ತಿರುವ ಒಸಿಐ ಕಾರ್ಡು ಮಾಡಿಸಿಕೊಳ್ಳುತ್ತಾರೆ, ಇನ್ನೊಬ್ಬರು ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡು ಪಿಆರ್ ಆಗಿಯೇ ಇರುತ್ತಾರೆ. ಒಸಿಐ ಇದ್ದವರಿಗೆ ಮತವಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಊರಿನಲ್ಲಿ ತೋಟ, ಗದ್ದೆ ಇರುವ ಮನೆಗಳಲ್ಲಿ ಈ ಮಾತಿಗೆ ತೂಕ ಹೆಚ್ಚು. ಎರಡೂ ದೇಶಗಳ ಪಾಸ್‌ಪೋರ್ಟಿನ ರಟ್ಟು ಗಾಢ ನೀಲಿಯಾದ್ದರಿಂದ ಬೀರುವಿನಲ್ಲಿ ಒಟ್ಟಿಗಿಟ್ಟರೆ ಯಾವುದು ಯಾರದೆಂದು ತೆರೆದೇ ನೋಡಬೇಕು.

ಇಂಥ ದಂಪತಿಗಳು ಅಪ್ಪ ಅಮ್ಮನನ್ನು ನೋಡಿಕೊಳ್ಳಲೆಂದು ಮರಳಿದಾಗ ಜೊತೆಗಿದ್ದೇವೆ ಎನ್ನುವುದಕ್ಕೆ ಪುರಾವೆ ಹುಡುಕುವ ಕೆಲಸ ಶುರುವಾಗುತ್ತದೆ. ಕೆನಡಾದ ಅಧಿಕಾರಿಯ ಕಣ್ಣಿನಲ್ಲಿ ಕೂಡಿ ಬಾಳುವುದೆಂದರೆ ಇಬ್ಬರ ಹೆಸರಿನ ಬಾಡಿಗೆ ಕರಾರು, ಇಬ್ಬರ ಹೆಸರಿನ ಬಿಲ್ಲು. ಕೂಡು ಕುಟುಂಬದ ಮನೆಯಲ್ಲಿ ಕರೆಂಟ್ ಬಿಲ್ಲು ಮಾವನ ಹೆಸರಿನಲ್ಲಿ, ಗ್ಯಾಸು ಅತ್ತೆಯ ಹೆಸರಿನಲ್ಲಿ, ಕಂದಾಯದ ರಸೀತಿ ತೀರಿಕೊಂಡ ಅಜ್ಜನ ಹೆಸರಿನಲ್ಲೂ ಇರುವುದುಂಟು. ಬಾಡಿಗೆಯಿಲ್ಲ, ಕರಾರಿಲ್ಲ. ಹೀಗಾಗಿ ಮದುವೆಯಾಗಿ ಇಪ್ಪತ್ತು ವರ್ಷವಾದವರು ಜಂಟಿ ಖಾತೆ ತೆರೆಯುತ್ತಾರೆ, ಆಧಾರ್ ವಿಳಾಸ ಒಂದೇ ಮಾಡಿಸುತ್ತಾರೆ, ಮಗುವಿನ ಶಾಲೆಯ ದಾಖಲೆಯಲ್ಲಿ ಇಬ್ಬರ ಹೆಸರನ್ನೂ ಬರೆಸುತ್ತಾರೆ. 1919ರ ನಂತರ ಪಂಜಾಬಿನಲ್ಲಿ ಇವಳು ಇವನ ಹೆಂಡತಿ ಎಂದು ಬರೆದುಕೊಡುವವರಿಗಾಗಿ ಅಲೆದವರ ಕಷ್ಟ ಬೇರೆ ಮಟ್ಟದ್ದು, ಜಾತಿ ಮಾತ್ರ ಒಂದೇ.

ಮಕ್ಕಳ ವಿಷಯದಲ್ಲಿ ಉಪವಿಧಿ ಒಮ್ಮುಖ. ಪಿಆರ್ ಇರುವ ಮಗು ಪೌರರಾದ ತಂದೆ ಅಥವಾ ತಾಯಿಯ ಜೊತೆ ಹೊರಗಿದ್ದರೆ ಆ ದಿನಗಳು ಲೆಕ್ಕಕ್ಕುಂಟು. ಪಿಆರ್ ಇರುವ ತಾಯಿ, ಟೊರೊಂಟೊದಲ್ಲಿ ಹುಟ್ಟಿ ಪೌರನಾಗಿರುವ ಮಗನನ್ನು ಕಟ್ಟಿಕೊಂಡು ಧಾರವಾಡದಲ್ಲಿದ್ದರೆ ಆ ದಿನಗಳು ಇಲ್ಲ. ಗಂಡ ಪೌರನಾಗಿಯೂ ಅಲ್ಲೇ ಕೆಲಸದಲ್ಲಿ ಉಳಿದು, ಅವಳೊಬ್ಬಳೇ ಮಗುವಿನ ಜೊತೆ ಇಲ್ಲಿದ್ದರೂ ಇಲ್ಲ, ಏಕೆಂದರೆ ಆಗ ಒಂದೇ ಕಡೆ ವಾಸ ಎಂಬ ಮಾತೇ ಬೀಳುತ್ತದೆ. ದುಡಿಯುವವರು ಅಲ್ಲಿ, ಹಿರಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುವವರು ಇಲ್ಲಿ ಎಂಬ ವ್ಯವಸ್ಥೆ ನಮ್ಮಲ್ಲಿ ಎಷ್ಟು ಸಾಮಾನ್ಯವೋ ಈ ಕಾಯ್ದೆಗೆ ಅಷ್ಟೇ ಅಪರಿಚಿತ.

ಸಂಗಾತಿಯ ಸಾವಿನ ಬಗ್ಗೆ ಈ ವಿಧಿಯಲ್ಲಿ ಒಂದು ಪದವೂ ಇಲ್ಲ. ಪೌರನಾದ ಗಂಡ ಮೈಸೂರಿನಲ್ಲಿ ತೀರಿಕೊಂಡ ದಿನದಿಂದ ಪಿಆರ್ ಇರುವ ಹೆಂಡತಿಯ ಲೆಕ್ಕಕ್ಕೆ ಹೊಸ ದಿನ ಸೇರುವುದಿಲ್ಲ. ಹಿಂದಿನ ದಿನಗಳು ಒಮ್ಮೆಲೇ ಹೋಗುವುದೂ ಇಲ್ಲ, ಏಕೆಂದರೆ ಅಧಿಕಾರಿ ನೋಡುವುದು ಬೆನ್ನ ಹಿಂದಿನ ಐದು ವರ್ಷವನ್ನು. ಆ ಐದು ವರ್ಷವೂ ಅವನ ಜೊತೆಯಲ್ಲೇ ಕಳೆದಿದ್ದರೆ ಅವಳ ಕೈಯಲ್ಲಿ 1,825 ದಿನಗಳ ಗಂಟಿದೆ. ಕಾಲ ಸರಿದಂತೆ ಹಳೆಯ ದಿನಗಳು ಒಂದೊಂದಾಗಿ ಕಿಟಕಿಯಿಂದಾಚೆ ಜಾರುತ್ತವೆ. ಗಂಟು 730ಕ್ಕಿಂತ ಕೆಳಗಿಳಿಯಲು 1,095 ದಿನ ಬೇಕು, ಅಂದರೆ ಮೂರು ವರ್ಷ. ವರ್ಷಾಂತಿಕ ಮುಗಿಸಿ, ಬ್ಯಾಂಕು, ವಿಮೆ, ಖಾತೆ ಬದಲಾವಣೆ ಎಲ್ಲ ಮುಗಿದ ಮೇಲೂ ಎರಡು ವರ್ಷ ಉಳಿದಿರುತ್ತದೆ. ಮಕ್ಕಳು ಕೆನಡಾದಲ್ಲಿದ್ದರೆ ಹೋಗಿ ಅವರ ಬಳಿ ಇರಬೇಕೋ, ಇದ್ದಲ್ಲೇ ಇರಬೇಕೋ ಎಂದು ನಿರ್ಧರಿಸಲು ಇಷ್ಟೇ ಅವಧಿ. ಇಷ್ಟು ಅವಧಿ ಇದೆ ಎಂಬುದೂ ಕೆಲವರಿಗೆ ತಿಳಿಯುವುದು ಅದು ಕಳೆದ ಮೇಲೆ.

ಕಳೆದ ಮೇಲೆ ಉಳಿಯುವುದು ಅದೇ ವಿಧಿಯ ಕೊನೆಯಲ್ಲಿರುವ ಮಾನವೀಯತೆ ಮತ್ತು ಅನುಕಂಪದ ಷರತ್ತು. ದಿನ ಸಾಲದಿದ್ದರೂ, ಪರಿಸ್ಥಿತಿಯನ್ನು ನೋಡಿ, ಮಕ್ಕಳ ಹಿತ ಇದ್ದರೆ ಅದನ್ನೂ ತೂಗಿ, ಅಧಿಕಾರಿ ಸ್ಥಾನವನ್ನು ಉಳಿಸಬಹುದು. ಗಂಡ ಸತ್ತ ಕಾರಣವನ್ನು ಅರ್ಜಿಯಲ್ಲಿ ಬರೆಯಬೇಕಾದದ್ದು ಆ ತಲೆಬರಹದ ಕೆಳಗೆ. ಪ್ರತಿ ಅರ್ಜಿಯನ್ನೂ ಅದರದೇ ಸಂಗತಿಗಳ ಮೇಲೆ ತೀರ್ಮಾನಿಸುತ್ತಾರೆ. ಒಬ್ಬರಿಗೆ ಸಿಕ್ಕಿತೆಂದು ಇನ್ನೊಬ್ಬರು ಅದನ್ನು ತೋರಿಸಿ ತನಗೂ ಹಕ್ಕಿದೆ ಎಂದು ಕೇಳುವಂತಿಲ್ಲ.